ಆಪರೇಷನ್ ಟೇಬಲ್ ಸುತ್ತ ನಿಂತವರ ಚರಿತ್ರೆ

ತಾಲ್ಲೂಕು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಾ ಶಿಬಿರ ಇದೆ ಅಂದರೆ ನಮ್ಮಂಥ ಬಿಡಿ ಸುದ್ದಿಗಾರರಿಗೆ ಅದು ತ್ರಾಸಿಲ್ಲದ ಸುದ್ದಿ. ಬೆಳಗ್ಗೆ ಹೋದರೆ ದೀಪ ಬೆಳಗಿಸುವ ಫೋಟೊ ಸಿಗುತ್ತದೆ. ಸಂಜೆ ವೈದ್ಯಾಧಿಕಾರಿಗೆ ಫೋನ್ ಮಾಡಿದರೆ ಸಂಖ್ಯೆ ಸಿಗುತ್ತದೆ. ಎರಡನ್ನೂ ಸೇರಿಸಿ ಎಂಟು ಸಾಲು ಕಳಿಸಿದರೆ ಡೆಸ್ಕ್‌ನವರು ಆ ಸಂಖ್ಯೆಯನ್ನೇ ಎತ್ತಿ ಶೀರ್ಷಿಕೆ ಮಾಡುತ್ತಾರೆ. ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ಜಿಲ್ಲೆಗೆ ಬಂದಂದಿನಿಂದ ನಾವು ಹೀಗೇ ಬರೆದುಕೊಂಡು ಬಂದಿದ್ದೇವೆ.

ಒಂದು ಸಂಜೆ ಸಂಖ್ಯೆ ಕೇಳಲು ನೇರವಾಗಿ ಆಸ್ಪತ್ರೆಗೇ ಹೋಗಿದ್ದೆವು. ಓಟಿಯ ಹೊರಗಿನ ಬೆಂಚಿನ ಮೇಲೆ ಹಿರಿಯ ಸ್ಟಾಫ್ ನರ್ಸ್ ಒಬ್ಬರು ಕೂತು ಟೀ ಕುಡಿಯುತ್ತಿದ್ದರು. ನಮ್ಮ ಪ್ರಶ್ನೆ ಕೇಳಿ ನಕ್ಕರು. "ಎಷ್ಟು ಆಯ್ತು ಅಂತ ಎಲ್ರೂ ಕೇಳ್ತೀರಿ ಸಾರ್. ಎಷ್ಟು ಹೊತ್ತು ಸುಮ್ನೆ ನಿಂತಿದ್ವಿ ಅಂತ ಯಾರೂ ಕೇಳಲ್ಲ" ಅಂದರು.

ಅವತ್ತು ಮೊದಲ ಕೇಸ್ ಶುರುವಾಗುವುದೇ ಒಂದು ಗಂಟೆ ತಡವಾಗಿತ್ತು. ಹಿಂದಿನ ರಾತ್ರಿ ಸರ್ಜನ್ ಪಟ್ಟಿಯ ಕ್ರಮ ಬದಲಿಸಿದ್ದರು. ಅರಿವಳಿಕೆ ವೈದ್ಯರಿಗೆ ಫೋನ್ ಮಾಡಿ ಹೇಳಿದ್ದರು, ಸಿಸ್ಟರ್‌ಗೆ ಹೇಳಿರಲಿಲ್ಲ. ಹಾಗಾಗಿ ಮೊದಲು ಬೇಕಾಗಿದ್ದ ಉಪಕರಣಗಳ ಸೆಟ್ ಇನ್ನೂ ಆಟೋಕ್ಲೇವ್ ಒಳಗಿತ್ತು. ರೋಗಿ ಟೇಬಲ್ ಮೇಲೆ ಮಲಗಿದ್ದರು, ಡಾಕ್ಟರು ಕೈ ತೊಳೆದು ನಿಂತಿದ್ದರು, ಅಪರೂಪಕ್ಕೆ ಕರೆಂಟೂ ಇತ್ತು. ಒಂದು ಫೋನ್ ಕರೆ ಆಗದೇ ಇದ್ದುದಕ್ಕೆ ಎಲ್ಲರೂ ಕಾದರು. ಕೊನೆಯ ಇಬ್ಬರು ಹೆಂಗಸರನ್ನು ಬೆಳಗ್ಗೆಯಿಂದ ಉಪವಾಸ ಕೂರಿಸಿ ಸಂಜೆ "ನಾಳೆ ಬನ್ನಿ" ಅಂತ ಕಳಿಸಿದರು. ಇದ್ಯಾವುದೂ ನಮ್ಮ ಎಂಟು ಸಾಲಿನಲ್ಲಿ ಬರಲಿಲ್ಲ.

ಆ ಸಿಸ್ಟರ್ ಹೇಳಿದ್ದು ತಲೆಯಲ್ಲಿ ಕೂತು, ಬಿಡುವಾದಾಗಲೆಲ್ಲ ಈ ವಿಷಯ ಓದತೊಡಗಿದೆವು. ಶಸ್ತ್ರಚಿಕಿತ್ಸೆಯ ಇತಿಹಾಸ ಅಂತ ಹುಡುಕಿದರೆ ಸಿಗುವುದು ಹೆಚ್ಚಾಗಿ ದೊಡ್ಡ ಸರ್ಜನ್‌ಗಳ ಕೈಚಳಕದ ಕತೆಗಳು. ಆದರೆ ಟೇಬಲ್ ಸುತ್ತ ಇನ್ನೂ ನಾಲ್ಕೈದು ಜನ ನಿಂತಿರುತ್ತಾರಲ್ಲ, ಅವರು ಯಾವಾಗ ಬಂದರು, ಯಾರು ಯಾರ ಹತ್ತಿರ ಮಾತಾಡಬಹುದಿತ್ತು ಎನ್ನುವುದಕ್ಕೂ ಒಂದು ಚರಿತ್ರೆ ಇದೆ. ಒಂದು ದಿನಕ್ಕೆ ಎಷ್ಟು ಆಪರೇಷನ್ ಆಗುತ್ತದೆ, ಎಷ್ಟು ಜನ ಬದುಕುತ್ತಾರೆ ಎನ್ನುವುದು ಬಹಳ ಮಟ್ಟಿಗೆ ಅದರ ಮೇಲೇ ನಿಂತಿದೆ ಅಂತ ನಮಗೀಗ ಅನ್ನಿಸುತ್ತದೆ.

ಮೊದಲು ಲಂಡನ್ನಿಗೆ ಹೋಗೋಣ. ಅರಿವಳಿಕೆ ಇಲ್ಲದ ಕಾಲದಲ್ಲಿ ಸರ್ಜನ್‌ನ ಯೋಗ್ಯತೆಯನ್ನು ಗಡಿಯಾರ ನೋಡಿ ಅಳೆಯುತ್ತಿದ್ದರು. ರೋಗಿ ಎಚ್ಚರವಾಗಿಯೇ ಇರುತ್ತಿದ್ದ, ಅರಚುತ್ತಿದ್ದ, ನಾಲ್ಕು ಜನ ಅವನನ್ನು ಅದುಮಿ ಹಿಡಿಯಬೇಕಿತ್ತು. ಆದ್ದರಿಂದ ಬೇಗ ಕತ್ತರಿಸುವವನೇ ದಯಾಳು. ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯ ರಾಬರ್ಟ್ ಲಿಸ್ಟನ್ ಇದರಲ್ಲಿ ಹೆಸರುವಾಸಿ. ತೊಡೆಯಿಂದ ಕಾಲು ತೆಗೆಯಲು ಅವರಿಗೆ ಅರ್ಧ ನಿಮಿಷ ಸಾಕು ಅಂತ ಪ್ರತೀತಿ. ಅವರ ವೇಗದ ಬಗ್ಗೆ ಭಯಂಕರ ಕತೆಗಳೂ ಇವೆ. ಅವುಗಳಲ್ಲಿ ಹಲವು ಆಮೇಲೆ ಬೆಳೆಸಿದ ಕತೆಗಳಂತೆ ಕಾಣುವುದರಿಂದ ಇಲ್ಲಿ ಬಿಟ್ಟಿದ್ದೇವೆ.

1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಈಥರ್ ಕೊಟ್ಟು ರೋಗಿಯನ್ನು ಮಲಗಿಸಿ ಶಸ್ತ್ರಚಿಕಿತ್ಸೆ ಮಾಡಿ ತೋರಿಸಿದರು. ಎರಡೇ ತಿಂಗಳಲ್ಲಿ, ಡಿಸೆಂಬರ್ 21ಕ್ಕೆ, ಇದೇ ಲಿಸ್ಟನ್ ಲಂಡನ್ನಿನಲ್ಲಿ ಈಥರ್ ಕೊಡಿಸಿ ಒಬ್ಬನ ಕಾಲು ತೆಗೆದರು. ನಮಗೆ ಕುತೂಹಲ ಎನಿಸಿದ್ದು ಇದು: ನೋವು ಹೋದ ಮೇಲೆ ಆತುರ ಬೇಕಿಲ್ಲ. ಹೊಟ್ಟೆ ತೆರೆಯಬಹುದು, ನಿಧಾನವಾಗಿ ನೋಡಬಹುದು. ಆದರೆ ರೋಗಿಯ ತಲೆಯ ಹತ್ತಿರ ಹೊಸಬನೊಬ್ಬ ಬಂದು ನಿಂತ. ಉಸಿರು ನೋಡಿಕೊಳ್ಳುವವನು ಅವನು. ರೋಗಿ ಈಗ ಅರಚುವುದಿಲ್ಲವಾದ್ದರಿಂದ ಅವನ ಸ್ಥಿತಿ ಏನು ಎನ್ನುವುದನ್ನು ಇನ್ನೊಬ್ಬರು ಬಾಯಿಬಿಟ್ಟು ಹೇಳಬೇಕು. ಸರ್ಜನ್ ಕೇಳಿಸಿಕೊಳ್ಳಬೇಕು. ಅಲ್ಲಿಯವರೆಗೆ ಆ ಕೋಣೆಯಲ್ಲಿ ಅಂಥ ಅಗತ್ಯವೇ ಇರಲಿಲ್ಲ.

ಆಮೇಲೆ ನರ್ಸ್ ಬಂದರು. ರಬ್ಬರ್ ಗ್ಲೌಸಿನ ಕತೆ ಹಲವರಿಗೆ ಗೊತ್ತಿರಬಹುದು. 1889ರ ಹೊತ್ತಿಗೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ನರ್ಸ್ ಸರ್ಜನ್ ಹಾಲ್‌ಸ್ಟೆಡ್ ಅವರ ಟೇಬಲ್ ಪಕ್ಕ ಕೆಲಸ ಮಾಡುತ್ತಿದ್ದರು. ಸೂಕ್ಷ್ಮಾಣು ಕೊಲ್ಲುವ ದ್ರಾವಣದಲ್ಲಿ ಕೈ ಅದ್ದಿ ಅದ್ದಿ ಅವರ ಚರ್ಮ ಕಿತ್ತುಬರತೊಡಗಿತು. ಹಾಲ್‌ಸ್ಟೆಡ್ ಗುಡ್‌ಇಯರ್ ಕಂಪನಿಗೆ ಹೇಳಿ ತೆಳು ರಬ್ಬರಿನ ಗ್ಲೌಸ್ ಮಾಡಿಸಿಕೊಟ್ಟರು. ಮುಂದೆ ಅವರಿಬ್ಬರೂ ಮದುವೆಯಾದದ್ದರಿಂದ ಎಲ್ಲರೂ ಇದನ್ನು ಪ್ರೇಮಕತೆಯಾಗಿ ಹೇಳುತ್ತಾರೆ. ನಾವು ಗಮನಿಸಿದ್ದು ಬೇರೆ. ಟೇಬಲ್ ಪಕ್ಕದ ನರ್ಸ್ ಕೈ ಹಾಳಾದರೆ ಆಪರೇಷನ್ನೇ ನಡೆಯುವುದಿಲ್ಲ ಎನ್ನುವ ಹಂತ ಆಗಲೇ ಬಂದಿತ್ತು.

ಇಲ್ಲಿಂದ ಮುಂದಿನ ತಿರುವು ತಂದವರು ಡಾಕ್ಟರಲ್ಲ, ಗಾರೆ ಕೆಲಸದವರು. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ, ಯಾಕೆಂದರೆ ಓದುವಾಗ ನಮಗೆ ಬಹಳ ಖುಷಿ ಕೊಟ್ಟದ್ದು ಇದೇ.

ಫ್ರಾಂಕ್ ಗಿಲ್‌ಬ್ರೆತ್ 1868ರಲ್ಲಿ ಅಮೆರಿಕದ ಮೇನ್ ರಾಜ್ಯದಲ್ಲಿ ಹುಟ್ಟಿದವರು. 17ನೇ ವಯಸ್ಸಿಗೆ ಇಟ್ಟಿಗೆ ಕಟ್ಟುವ ಕೆಲಸ ಕಲಿಯಲು ಸೇರಿಕೊಂಡರು. ಕಲಿಸುವ ಮೇಸ್ತ್ರಿಗಳನ್ನು ನೋಡಿದಾಗ ಅವರಿಗೆ ವಿಚಿತ್ರವೆನಿಸಿತು. ಒಬ್ಬೊಬ್ಬ ಮೇಸ್ತ್ರಿಯದೂ ಒಂದೊಂದು ರೀತಿ. ಅದೂ ಸಾಲದೆಂಬಂತೆ ಒಬ್ಬನೇ ಮೇಸ್ತ್ರಿ ನಿಧಾನವಾಗಿ ಕಟ್ಟುವಾಗ ಒಂದು ರೀತಿ, ಅವಸರದಲ್ಲಿ ಇನ್ನೊಂದು, ಹುಡುಗರಿಗೆ ತೋರಿಸಿಕೊಡುವಾಗ ಮತ್ತೊಂದು. ನಮ್ಮೂರಿನಲ್ಲಿ ಮನೆ ಕಟ್ಟುವುದನ್ನು ನೋಡಿದವರಿಗೆ ಗೊತ್ತು, ಮೇಸ್ತ್ರಿ ಪ್ರತಿ ಇಟ್ಟಿಗೆಗೂ ಬಗ್ಗುತ್ತಾನೆ, ಎತ್ತುತ್ತಾನೆ, ತಿರುಗಿಸಿ ಒಳ್ಳೆಯ ಮುಖ ಹುಡುಕುತ್ತಾನೆ, ಗಾರೆ ಹಾಕುತ್ತಾನೆ, ಇಟ್ಟು ಕರಣೆಯಿಂದ ತಟ್ಟುತ್ತಾನೆ. ಗಿಲ್‌ಬ್ರೆತ್ ಲೆಕ್ಕ ಹಾಕಿದಾಗ ಒಂದು ಇಟ್ಟಿಗೆಗೆ 18 ಚಲನೆಗಳು ಬಂದವು. ಇಟ್ಟಿಗೆ ಮತ್ತು ಗಾರೆ ಮೇಸ್ತ್ರಿಯ ಸೊಂಟದ ಎತ್ತರಕ್ಕೇ ಇರುವಂತೆ ಸಾರುವೆ ಮಾಡಿಸಿದರು. ಇಟ್ಟಿಗೆಯ ಒಳ್ಳೆಯ ಮುಖವನ್ನು ಕೂಲಿಯವರೇ ನೋಡಿ ಒಂದೇ ಕಡೆಗೆ ಜೋಡಿಸಿ ಕೊಡುವಂತೆ ಮಾಡಿದರು. 18 ಚಲನೆ ಐದಕ್ಕೆ ಇಳಿಯಿತು. ಗಂಟೆಗೆ 120 ಇಟ್ಟಿಗೆ ಇಡುತ್ತಿದ್ದವರು 350 ಇಡತೊಡಗಿದರು ಎನ್ನುವುದು ಆ ಕಾಲದ ದಾಖಲೆ. ಮೇಸ್ತ್ರಿಯ ಕೈಯೇನೂ ಚುರುಕಾಗಿರಲಿಲ್ಲ. ಅವನ ಸುತ್ತ ಇದ್ದವರ ಕೆಲಸ ಬದಲಾಗಿತ್ತು.

1910ರ ದಶಕದಲ್ಲಿ ಗಿಲ್‌ಬ್ರೆತ್ ಸಿನಿಮಾ ಕ್ಯಾಮೆರಾ ಹಿಡಿದು ಆಪರೇಷನ್ ಥಿಯೇಟರ್‌ಗಳಿಗೆ ಹೋದರು. ಪಕ್ಕದಲ್ಲಿ ಗಡಿಯಾರ ಇಟ್ಟು ಸರ್ಜನ್‌ಗಳು ಕೆಲಸ ಮಾಡುವುದನ್ನು ಚಿತ್ರೀಕರಿಸಿ ಆಮೇಲೆ ಒಂದೊಂದೇ ಚಲನೆ ಎಣಿಸಿದರು. ಅಲ್ಲಿ ಕಂಡದ್ದು ಅದೇ ಹಳೆಯ ಮೇಸ್ತ್ರಿಯ ಕತೆ. ಸರ್ಜನ್ ಗಾಯದಿಂದ ಕಣ್ಣು ಕಿತ್ತು ಪಕ್ಕಕ್ಕೆ ತಿರುಗುತ್ತಾರೆ, ತಟ್ಟೆಯಲ್ಲಿ ಹುಡುಕುತ್ತಾರೆ, ಬೇಕಾದ ಇಕ್ಕಳ ಎತ್ತಿಕೊಳ್ಳುತ್ತಾರೆ, ಮತ್ತೆ ಗಾಯದ ಕಡೆ ತಿರುಗಿ ಎಲ್ಲಿದ್ದೆವು ಅಂತ ನೋಡಿಕೊಳ್ಳುತ್ತಾರೆ. ಕೊಯ್ದು ಹೊಲಿಯುವುದಕ್ಕಿಂತ ಹುಡುಕುವುದಕ್ಕೇ ಹೆಚ್ಚು ಹೊತ್ತು ಹೋಗುತ್ತಿತ್ತು. ಅಷ್ಟು ಹೊತ್ತೂ ರೋಗಿ ಈಥರ್ ಕುಡಿಯುತ್ತಲೇ ಇರುತ್ತಾನೆ.

ಗಿಲ್‌ಬ್ರೆತ್ ಸೂಚಿಸಿದ ಪರಿಹಾರ ಸರಳವಾಗಿತ್ತು. ಗಾಲ್ಫ್ ಆಡುವ ಸಾಹುಕಾರರ ಹಿಂದೆ ಕೋಲುಗಳ ಚೀಲ ಹೊತ್ತು ಹೋಗುವ ಹುಡುಗ ಇರುತ್ತಾನೆ, ಕ್ಯಾಡಿ ಅನ್ನುತ್ತಾರೆ. ಆಟಗಾರ ಕೈ ಚಾಚಿದರೆ ಸರಿಯಾದ ಕೋಲು ಕೈಗೆ ಬರುತ್ತದೆ. ಹಾಗೆ ಸರ್ಜನ್‌ಗೂ ಒಬ್ಬರು ಬೇಕು. ಸರ್ಜನ್ ಕಣ್ಣು ತೆಗೆಯದೆ ಹೆಸರು ಹೇಳಬೇಕು, ನರ್ಸ್ ಅದನ್ನು ಅಂಗೈಗೆ ಇಡಬೇಕು. ತಟ್ಟೆಯಲ್ಲಿ ಯಾವ ಸಾಮಾನು ಎಲ್ಲಿರಬೇಕು ಎನ್ನುವುದು ಮೊದಲೇ ಗೊತ್ತಿರಬೇಕು. ಇವತ್ತು ಯಾವ ಸಿನಿಮಾದಲ್ಲಿ ಆಪರೇಷನ್ ಸೀನ್ ಬಂದರೂ ಡಾಕ್ಟರ್ "ಸಿಸರ್ಸ್" ಅಂದ ಕೂಡಲೇ ನರ್ಸ್ ಕತ್ತರಿ ಕೊಡುತ್ತಾರಲ್ಲ, ಆ ಪದ್ಧತಿಯ ಹಿಂದೆ ಹೇಳುವ ಹೆಸರು ಈ ಇಟ್ಟಿಗೆ ಮೇಸ್ತ್ರಿಯದ್ದು. ಕಾರ್ಖಾನೆಗಳು ಆಸ್ಪತ್ರೆಯಿಂದ ಕಲಿಯುವುದಕ್ಕಿಂತ ಸರ್ಜನ್‌ಗಳು ಕಾರ್ಖಾನೆಯಿಂದ ಕಲಿಯುವುದು ಹೆಚ್ಚಿದೆ ಅಂತ ಅವರು ವೈದ್ಯರ ಮುಖಕ್ಕೇ ಹೇಳುತ್ತಿದ್ದರು. ವೈದ್ಯರಿಗೆ ಇದು ರುಚಿಸಿರಲಾರದು.

ಗಿಲ್‌ಬ್ರೆತ್ ದಂಪತಿಗೆ 12 ಮಕ್ಕಳು. ಹೆಂಡತಿ ಲಿಲಿಯನ್ ಮನಶ್ಶಾಸ್ತ್ರಜ್ಞೆ, ಈ ಅಧ್ಯಯನಗಳಲ್ಲಿ ಸಮಪಾಲಿನ ಜೊತೆಗಾರ್ತಿ. ಆ ಮಕ್ಕಳಲ್ಲಿ ಇಬ್ಬರು ಮುಂದೆ ಬರೆದ ಪುಸ್ತಕದಲ್ಲಿ ಒಂದು ಪ್ರಸಂಗ ಬರುತ್ತದೆ. ಅಪ್ಪ ಮನೆಯ ಮಕ್ಕಳಿಗೆಲ್ಲ ಸಾಲಾಗಿ ಟಾನ್ಸಿಲ್ ಆಪರೇಷನ್ ಮಾಡಿಸಿ ಅದನ್ನು ಚಿತ್ರೀಕರಿಸಲು ಏರ್ಪಾಡು ಮಾಡುತ್ತಾರೆ. ಎಲ್ಲ ಮುಗಿದ ಮೇಲೆ ನೋಡಿದರೆ ಕ್ಯಾಮೆರಾದವನು ಲೆನ್ಸಿನ ಮುಚ್ಚಳವನ್ನೇ ತೆಗೆದಿರಲಿಲ್ಲ. ಶಿಬಿರದ ಫೋಟೊ ತೆಗೆದು ಮನೆಗೆ ಬಂದ ಮೇಲೆ ಮೆಮೊರಿ ಕಾರ್ಡ್ ಹಾಕಿಲ್ಲ ಅಂತ ಕಂಡುಕೊಂಡ ನಮ್ಮ ಗೆಳೆಯರೊಬ್ಬರು ಇದನ್ನು ಓದಿ ಬಹಳ ಸಮಾಧಾನ ಪಟ್ಟರು.

ಗಿಲ್‌ಬ್ರೆತ್ ಏರ್ಪಾಡಿನಲ್ಲಿ ಮಾತು ಒಂದೇ ದಿಕ್ಕಿನಲ್ಲಿ ಹರಿಯುತ್ತದೆ ಎನ್ನುವುದನ್ನು ಗಮನಿಸಬೇಕು. ಸರ್ಜನ್ ಕೇಳುತ್ತಾರೆ, ನರ್ಸ್ ಕೊಡುತ್ತಾರೆ. ನರ್ಸ್‌ಗೆ ಏನಾದರೂ ಕಂಡರೆ ಹೇಳಬಹುದೇ ಎನ್ನುವ ಪ್ರಶ್ನೆ ಆಗ ಯಾರಿಗೂ ಬರಲಿಲ್ಲ. ಅದು ಬರಲು ಇನ್ನೂ ಅರವತ್ತು ಎಪ್ಪತ್ತು ವರ್ಷ ಬೇಕಾಯಿತು. ಅಲ್ಲಿಗೆ ಹೋಗುವ ಮುಂಚೆ, ಇಂಥ ಸಾಲು ಕೆಲಸ ನಮ್ಮ ನಾಡಿನಲ್ಲಿ ಯಾವ ಎತ್ತರಕ್ಕೆ ಹೋಗಿತ್ತು ಎನ್ನುವುದನ್ನೂ ನೋಡಬೇಕು.

ಬೀಳಗಿಯ ಡಾ. ಎಂ.ಸಿ. ಮೋದಿ ಅವರ ಹೆಸರು ಕೇಳದ ಹಿರಿಯರು ಉತ್ತರ ಕರ್ನಾಟಕದಲ್ಲಿ ಕಡಿಮೆ. ಅಜ್ಜಿಯ ಕಣ್ಣಿನ ಪೊರೆ ಮೋದಿ ಕ್ಯಾಂಪಿನಲ್ಲಿ ತೆಗೆಸಿದ್ದು, ಆಮೇಲೆ ಸೋಡಾಬುಡ್ಡಿ ಕನ್ನಡಕ ಹಾಕಿಕೊಂಡು ಮೊಮ್ಮಕ್ಕಳ ಮುಖ ನೋಡಿದ್ದು, ಇಂಥ ನೆನಪುಗಳು ಎಷ್ಟೋ ಮನೆಗಳಲ್ಲಿವೆ. 1943ರಿಂದ ಅವರು ಊರೂರಿಗೆ ಹೋಗಿ ಉಚಿತ ಸಾಮೂಹಿಕ ನೇತ್ರ ಶಿಬಿರ ನಡೆಸಿದರು. ಆಸ್ಪತ್ರೆಗೆ ಬರಲಾಗದವರ ಹತ್ತಿರ ಆಸ್ಪತ್ರೆಯನ್ನೇ ಒಯ್ದರು. ಅವರು ಮಾಡಿದ ಆಪರೇಷನ್‌ಗಳ ಸಂಖ್ಯೆ 1993ರ ಫೆಬ್ರುವರಿವರೆಗೆ 6,10,564 ಅಂತ ಗಿನ್ನೆಸ್ ಪುಸ್ತಕ ದಾಖಲಿಸಿದೆ. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಕಣ್ಣಿನ ಪೊರೆ ತೆಗೆದದ್ದೂ ಅದೇ ಪುಸ್ತಕದ ದಾಖಲೆ. 2005ರಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ಈ ಸಂಖ್ಯೆಗಳನ್ನು ನೆನೆದವು.

833ನ್ನು ಒಮ್ಮೆ ಭಾಗಿಸಿ ನೋಡಿ. ಮೋದಿಯವರು ಊಟ ನಿದ್ದೆ ಬಿಟ್ಟು 24 ಗಂಟೆಯೂ ನಿಂತಿದ್ದರು ಅಂದುಕೊಂಡರೂ ಒಬ್ಬರಿಗೆ ಎರಡು ನಿಮಿಷ ಸಿಗುವುದಿಲ್ಲ. ಅಂದಮೇಲೆ ಕಣ್ಣು ತೊಳೆದವರು, ಹನಿ ಹಾಕಿದವರು, ಮರಗಟ್ಟಿಸಿದವರು, ಸಾಲಾಗಿ ಮಲಗಿಸಿದವರು, ಪಟ್ಟಿ ಕಟ್ಟಿದವರು, ಕೈ ಹಿಡಿದು ಚಾಪೆಯವರೆಗೆ ನಡೆಸಿದವರು ಬೇರೆಯೇ ಇದ್ದರು. ಟೇಬಲ್‌ಗಳ ಸಾಲು ಸಿದ್ಧವಾಗಿರುತ್ತಿತ್ತು, ಡಾಕ್ಟರು ಒಂದರಿಂದ ಇನ್ನೊಂದಕ್ಕೆ ಸರಿಯುತ್ತಿದ್ದರು. ಒಬ್ಬ ಸಹಾಯಕ ತಪ್ಪಿದ್ದರೆ ಇಡೀ ಸಾಲು ನಿಲ್ಲುತ್ತಿತ್ತು. ಗಿನ್ನೆಸ್ ಪುಸ್ತಕದಲ್ಲಿ ಇರುವುದು ಒಂದು ಹೆಸರು. ಮೋದಿಯವರ ದೊಡ್ಡತನಕ್ಕೆ ಇದರಿಂದ ಕಡಿಮೆಯೇನೂ ಆಗುವುದಿಲ್ಲ. ಇಂದು ಒಬ್ಬ ಸರ್ಜನ್ ಅಂಥ ದಿನವೊಂದಕ್ಕೆ ಹೊರಟರೆ ನಾವೇ ವಿರೋಧಿಸಿ ಬರೆಯುತ್ತೇವೆ, ಅದು ಬೇರೆ ಮಾತು. ಕಣ್ಣು ಕಾಣದೆ ಮೂಲೆಯಲ್ಲಿ ಕೂತಿದ್ದ ಲಕ್ಷಾಂತರ ಜನರಿಗೆ ಬೇರೆ ದಾರಿ ಇಲ್ಲದ ಕಾಲ ಅದು.

ಪಕ್ಕದ ತಮಿಳುನಾಡಿನ ಮದುರೈಯಲ್ಲಿ 1976ರಲ್ಲಿ ಡಾ. ಜಿ. ವೆಂಕಟಸ್ವಾಮಿ 11 ಹಾಸಿಗೆಯ ಅರವಿಂದ್ ಕಣ್ಣಾಸ್ಪತ್ರೆ ಶುರು ಮಾಡಿದರು. ಸಂಧಿವಾತದಿಂದ ಅವರ ಬೆರಳುಗಳು ಸೊಟ್ಟಗಾಗಿದ್ದವು, ಆ ಬೆರಳುಗಳಲ್ಲೇ ಆಪರೇಷನ್ ಮಾಡುತ್ತಿದ್ದರು. ಅವರು ಶಿಬಿರದ ಸಾಲನ್ನು ಒಳ್ಳೆಯ ಓಟಿಯ ಒಳಗೆ ತಂದರು. ಒಬ್ಬ ಸರ್ಜನ್, ಎರಡು ಟೇಬಲ್. ಒಂದರಲ್ಲಿ ಆಪರೇಷನ್ ನಡೆಯುವಾಗ ಇನ್ನೊಂದರಲ್ಲಿ ಮುಂದಿನ ರೋಗಿ ಸಿದ್ಧ. ಮುಗಿದ ಕೂಡಲೇ ಮೈಕ್ರೋಸ್ಕೋಪ್ ಆ ಕಡೆಗೆ ತಿರುಗುತ್ತದೆ. ಇದನ್ನು ನಡೆಸುವವರು ಸುತ್ತಲಿನ ಹಳ್ಳಿಗಳಿಂದ ಆರಿಸಿ ಎರಡು ವರ್ಷ ತರಬೇತಿ ಕೊಟ್ಟ ಹೆಣ್ಣುಮಕ್ಕಳು. ದಿನವೂ ಅದೇ ಕೆಲಸ, ಅದೇ ಜೊತೆ. ಮುಂದೇನು ಅಂತ ಇಬ್ಬರಿಗೂ ಗೊತ್ತಿರುವುದರಿಂದ ಅಲ್ಲಿ ಹೆಚ್ಚು ಮಾತೇ ಬೇಕಾಗುವುದಿಲ್ಲ. ದೇಶದ ಸಾಮಾನ್ಯ ಕಣ್ಣಿನ ಸರ್ಜನ್ ವರ್ಷಕ್ಕೆ ಮಾಡುವುದಕ್ಕಿಂತ ಹಲವು ಪಟ್ಟು ಹೆಚ್ಚು ಆಪರೇಷನ್ ಅಲ್ಲಿನ ಸರ್ಜನ್ ಮಾಡುತ್ತಾರೆ.

ಕಣ್ಣಿನ ಪೊರೆ ಒಂದೇ ತರಹದ ಕೆಲಸ, ಸಾಲು ಹಚ್ಚಬಹುದು. ಆದರೆ ಒಳಗೆ ಏನು ಎದುರಾಗುತ್ತದೋ ಗೊತ್ತಿಲ್ಲದ ಆಪರೇಷನ್‌ನಲ್ಲಿ ಏನು ಮಾಡಬೇಕು? ಅಲ್ಲಿ ಕೆಳಗಿನವರು ಮೇಲಿನವರಿಗೆ ಹೇಳುವ ಮಾತು ಬೇಕಾಗುತ್ತದೆ. ಈ ಪಾಠ ಆಸ್ಪತ್ರೆಗೆ ಬಂದದ್ದು ವಿಮಾನ ನಿಲ್ದಾಣದಿಂದ.

1977ರ ಮಾರ್ಚ್ 27ರಂದು ಸ್ಪೇನ್‌ಗೆ ಸೇರಿದ ಟೆನೆರಿಫ್ ದ್ವೀಪದಲ್ಲಿ ಮಂಜು ಮುಸುಕಿತ್ತು. ಕೆಎಲ್‌ಎಂ ಕಂಪನಿಯ ಜಂಬೊ ವಿಮಾನ ಅನುಮತಿ ಸಿಗುವ ಮೊದಲೇ ಓಡಲು ಶುರು ಮಾಡಿತು. ಅದೇ ರನ್‌ವೇ ಮೇಲೆ ಪ್ಯಾನ್ ಆಮ್ ಕಂಪನಿಯ ಇನ್ನೊಂದು ಜಂಬೊ ಇತ್ತು. ಆ ವಿಮಾನ ಇನ್ನೂ ಸರಿದಿಲ್ಲವೇನೋ ಅಂತ ಕೆಎಲ್‌ಎಂನ ಫ್ಲೈಟ್ ಎಂಜಿನಿಯರ್ ಅನುಮಾನದಿಂದ ಕೇಳಿದರು. ಕ್ಯಾಪ್ಟನ್ ಬಹಳ ಅನುಭವಿ, ಕಂಪನಿಯ ಹೆಮ್ಮೆಯ ಪೈಲಟ್. ಸರಿದಿದೆ ಅಂತ ಖಂಡಿತವಾಗಿ ಹೇಳಿದರು. ಎಂಜಿನಿಯರ್ ಮತ್ತೆ ಬಾಯಿ ತೆರೆಯಲಿಲ್ಲ. 583 ಜನ ಸತ್ತರು. ಆಮೇಲೆ ವಿಮಾನಯಾನ ಕಂಪನಿಗಳು ಕಿರಿಯರಿಗೆ ಎದುರು ಹೇಳುವುದನ್ನೂ ಹಿರಿಯರಿಗೆ ಕೇಳಿಸಿಕೊಳ್ಳುವುದನ್ನೂ ತರಗತಿ ನಡೆಸಿ ಕಲಿಸತೊಡಗಿದವು. 1990ರ ದಶಕದಲ್ಲಿ ಅರಿವಳಿಕೆ ತಜ್ಞರು ಮತ್ತು ಕೆಲವು ಸರ್ಜನ್‌ಗಳು ಆ ತರಗತಿಗಳನ್ನು ಆಸ್ಪತ್ರೆಗೆ ತಂದರು.

ಅದೇ ದಶಕದ ಕೊನೆಗೆ ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಎಮಿ ಎಡ್ಮಂಡ್ಸನ್ ಮತ್ತು ಜೊತೆಗಾರರು 16 ಆಸ್ಪತ್ರೆಗಳನ್ನು ಅಧ್ಯಯನ ಮಾಡಿದರು. ಎದೆಮೂಳೆ ಸೀಳದೆ ಪಕ್ಕೆಲುಬಿನ ನಡುವೆ ಸಣ್ಣ ಗಾಯ ಮಾಡಿ ಹೃದಯದ ಆಪರೇಷನ್ ಮಾಡುವ ಹೊಸ ವಿಧಾನ ಆಗ ಬಂದಿತ್ತು. ಹಳೆಯ ವಿಧಾನದಲ್ಲಿ ಸರ್ಜನ್‌ಗೆ ಎಲ್ಲವೂ ಕಣ್ಣೆದುರೇ ಇತ್ತು. ಹೊಸದರಲ್ಲಿ ರಕ್ತನಾಳ ಮುಚ್ಚಲು ಒಳಗೆ ಬಲೂನು ತೂರಿಸಬೇಕು. ಬಲೂನು ಸರಿಯಾದ ಜಾಗದಲ್ಲಿದೆಯೇ ಎನ್ನುವುದು ಸರ್ಜನ್‌ಗೆ ಕಾಣುವುದಿಲ್ಲ, ಸ್ಕ್ಯಾನ್ ನೋಡುವ ಅರಿವಳಿಕೆ ತಜ್ಞರಿಗೆ ಕಾಣುತ್ತದೆ. ರಕ್ತ ಪಂಪ್ ಮಾಡುವ ಯಂತ್ರದ ಬಳಿ ಕೂತವರೂ ಒತ್ತಡ ನೋಡಿ ಹೇಳಬೇಕು. ಅವರು ಸುಮ್ಮನಿದ್ದರೆ ಸರ್ಜನ್ ಕುರುಡ.

ಹೆಸರಾಂತ ಆಸ್ಪತ್ರೆಗಳು, ಹಿರಿಯ ಸರ್ಜನ್‌ಗಳು ಇದನ್ನು ಬೇಗ ಕಲಿಯಬೇಕಿತ್ತು ತಾನೇ? ಹಾಗೆ ಆಗಲಿಲ್ಲ. 2001ರಲ್ಲಿ ಬಂದ ಅವರ ಬರಹಗಳ ಪ್ರಕಾರ ಆಸ್ಪತ್ರೆಯ ದರ್ಜೆಗೂ ಸರ್ಜನ್‌ನ ಹಿರಿತನಕ್ಕೂ ಕಲಿಕೆಯ ವೇಗಕ್ಕೂ ಸಂಬಂಧ ಕಾಣಲಿಲ್ಲ. ಮುಂದೆ ಬಂದವುಗಳಲ್ಲಿ ಒಂದು ಅಷ್ಟೇನೂ ಹೆಸರಿಲ್ಲದ ಆಸ್ಪತ್ರೆ. ಅಲ್ಲಿನ ಸರ್ಜನ್ ಕಿರಿಯ. ಆತ ತಂಡವನ್ನು ತಾನೇ ಆರಿಸಿದ್ದ, ಮೊದಲ 15 ಕೇಸುಗಳಿಗೆ ಒಬ್ಬರನ್ನೂ ಬದಲಿಸಲಿಲ್ಲ. ಇದು ನನಗೂ ಹೊಸದು, ಕಂಡದ್ದನ್ನು ಹೇಳಿ ಎಂಬ ಧೋರಣೆ ಆತನದು. ಇನ್ನೊಂದು ಆಸ್ಪತ್ರೆಯಲ್ಲಿ ಬಹಳ ದೊಡ್ಡ ಹೆಸರಿನ ಸರ್ಜನ್ ಇದ್ದರು. ತಂಡಕ್ಕೆ ಇದರಲ್ಲಿ ಹೊಸದೇನೂ ಇಲ್ಲ ಎನ್ನುವುದು ಅವರ ನಿಲುವು. ಅಲ್ಲಿ ಎಷ್ಟು ಕೇಸ್ ಮಾಡಿದರೂ ಸಮಯ ಇಳಿಯಲಿಲ್ಲ. ನಮಗೆ ಈ ಅಧ್ಯಯನ ಹಿಡಿಸಿದ್ದು ಒಂದು ಕಾರಣಕ್ಕೆ: ತಾಲ್ಲೂಕು ಆಸ್ಪತ್ರೆಯ ಬಗ್ಗೆ ಬರೆಯುವಾಗ "ತಜ್ಞರ ಕೊರತೆ, ಯಂತ್ರಗಳ ಕೊರತೆ" ಎನ್ನುವ ಎರಡು ಮಾತು ಬಿಟ್ಟು ಮೂರನೆಯದು ನಮಗೆ ಗೊತ್ತೇ ಇರಲಿಲ್ಲ.

ಮಾತು ಎಲ್ಲಿ ತಪ್ಪುತ್ತದೆ ಎನ್ನುವುದನ್ನು ಎಣಿಸಿಯೇ ನೋಡಿದವರು ಕೆನಡಾದ ಟೊರಾಂಟೊದಲ್ಲಿ ಲೊರೆಲೈ ಲಿಂಗಾರ್ಡ್ ಮತ್ತು ತಂಡ. 48 ಶಸ್ತ್ರಚಿಕಿತ್ಸೆಗಳಲ್ಲಿ 90 ಗಂಟೆ ಮೂಲೆಯಲ್ಲಿ ನಿಂತು ಬರೆದುಕೊಂಡರು. ದಾಖಲಾದ 421 ಮಾತುಕತೆಗಳಲ್ಲಿ 129 ಒಂದಲ್ಲ ಒಂದು ರೀತಿ ಕೆಟ್ಟಿದ್ದವು. 2004ರಲ್ಲಿ ಪ್ರಕಟವಾದ ಈ ವರದಿಯಲ್ಲಿ ಹೆಚ್ಚು ಕಂಡುಬಂದ ತಪ್ಪು ಹೊತ್ತು ಮೀರಿ ಮಾತಾಡುವುದು. ಆಪರೇಷನ್ ಶುರುವಾಗಿ ಒಂದು ಗಂಟೆ ಆದ ಮೇಲೆ, ಆ್ಯಂಟಿಬಯಾಟಿಕ್ ಕೊಟ್ಟಿದ್ದೀರಾ ಅಂತ ಸರ್ಜನ್ ಕೇಳುವುದು ಅವರು ಕೊಡುವ ಒಂದು ಉದಾಹರಣೆ. ಕೊಡಬೇಕಿದ್ದದ್ದು ಚರ್ಮ ಕೊಯ್ಯುವ ಮೊದಲು. ಕೆಟ್ಟ ಮಾತುಕತೆಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚಿನವು ಕಣ್ಣಿಗೆ ಕಾಣುವ ಪರಿಣಾಮ ಬೀರಿದ್ದವು. ವಿಳಂಬ, ಸಿಡುಕು, ತೆರೆದು ಎಸೆದ ಸಾಮಾನು, ಕೆಲವೊಮ್ಮೆ ತಪ್ಪು. ನಮ್ಮ ಸಿಸ್ಟರ್ ಹೇಳಿದ ಆಟೋಕ್ಲೇವ್ ಕತೆಯನ್ನು ಅವರು ಕೇಳಿದ್ದರೆ ಅದೂ ಆ ಪಟ್ಟಿಗೆ ಸೇರುತ್ತಿತ್ತು.

2008ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಹಾಳೆಯ ಪರಿಶೀಲನಾ ಪಟ್ಟಿ ತಂದಿತು. ನೇತೃತ್ವ ಸರ್ಜನ್ ಅತುಲ್ ಗವಾಂಡೆ ಅವರದು. ಒಟ್ಟು 19 ಅಂಶ. ಅರಿವಳಿಕೆ ಕೊಡುವ ಮೊದಲು, ಚರ್ಮ ಕೊಯ್ಯುವ ಮೊದಲು, ರೋಗಿ ಕೋಣೆ ಬಿಡುವ ಮೊದಲು, ಹೀಗೆ ಮೂರು ಕಡೆ ನಿಂತು ಬಾಯಿಬಿಟ್ಟು ಓದಬೇಕು. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಮೊದಲು ಪ್ರಯೋಗಿಸಿದರು. 2009ರ ಜನವರಿಯಲ್ಲಿ ಫಲಿತಾಂಶ ಬಂತು. ಸಾವಿನ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ, ತೊಡಕುಗಳು ಶೇ 11ರಿಂದ ಶೇ 7ಕ್ಕೆ ಇಳಿದಿದ್ದವು.

ಆ ಪಟ್ಟಿಯಲ್ಲಿ ಒಂದು ಅಂಶ ವಿಚಿತ್ರವಾಗಿದೆ. ಕೊಯ್ಯುವ ಮೊದಲು ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಕೆಲಸ ಹೇಳಿಕೊಳ್ಳಬೇಕು. ಒಮ್ಮೆ ಬಾಯಿ ತೆರೆದವರು ಬೇಕಾದಾಗ ಮತ್ತೆ ತೆರೆಯುತ್ತಾರೆ ಎನ್ನುವುದು ಇದರ ಹಿಂದಿನ ವಿಚಾರ. ನಮ್ಮ ಆಸ್ಪತ್ರೆಗಳನ್ನು ನೆನೆದು ನಗು ಬಂತು. ಇಲ್ಲಿ ಡಾಕ್ಟರ್ "ಸಾರ್", ನರ್ಸ್‌ಗೆ ನಿವೃತ್ತಿ ಹತ್ತಿರ ಬಂದರೂ "ಸಿಸ್ಟರ್", ಗ್ರೂಪ್ ಡಿ ನೌಕರರು "ಏಯ್ ಇಲ್ಲಿ ಬಾ". ಹತ್ತು ವರ್ಷ ಒಂದೇ ಓಟಿಯಲ್ಲಿ ದುಡಿದ ಆಯಾಳ ಹೆಸರು ಗೊತ್ತಿಲ್ಲದ ಸರ್ಜನ್‌ರನ್ನು ನಾವು ಬಲ್ಲೆವು. ಅವರು ಕೆಟ್ಟವರೇನಲ್ಲ, ಹೆಸರು ಕೇಳುವ ರೂಢಿಯೇ ಇರಲಿಲ್ಲ.

2014ರಲ್ಲಿ ಎರಡು ಸಂಗತಿ ನಡೆದವು. ಒಂದು, ಕೆನಡಾದ ಒಂಟಾರಿಯೊ ಪ್ರಾಂತ್ಯದ 101 ಆಸ್ಪತ್ರೆಗಳಲ್ಲಿ ಇದೇ ಪರಿಶೀಲನಾ ಪಟ್ಟಿ ಜಾರಿಯಾದ ಮೇಲೆ ಸಾವು ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಿಲ್ಲ ಎನ್ನುವ ಅಧ್ಯಯನ ಬಂತು. ದೊಡ್ಡ ಚರ್ಚೆಯಾಯಿತು. ಮೇಲಿನಿಂದ ಆದೇಶ ಬಂದಾಗ ಹಾಳೆಯಲ್ಲಿ ಗುರುತು ಹಾಕುವುದು ಬೇರೆ, ನಿಂತು ಮಾತಾಡುವುದು ಬೇರೆ ಅಂತ ಹಲವರು ಹೇಳಿದರು. ಸರ್ಕಾರಿ ಕಚೇರಿಗಳ ಸುತ್ತ ಓಡಾಡುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಛತ್ತೀಸಗಡದ್ದು. ನವೆಂಬರ್ 8ರಂದು ಬಿಲಾಸಪುರ ಜಿಲ್ಲೆಯಲ್ಲಿ ಪಾಳು ಬಿದ್ದಂತಿದ್ದ ಖಾಸಗಿ ಆಸ್ಪತ್ರೆಯ ಕಟ್ಟಡವೊಂದರಲ್ಲಿ ಸಂತಾನಹರಣ ಶಿಬಿರ ನಡೆಯಿತು. ಒಬ್ಬ ಸರ್ಜನ್ ಕೆಲವೇ ಗಂಟೆಗಳಲ್ಲಿ 83 ಹೆಣ್ಣುಮಕ್ಕಳಿಗೆ ಆಪರೇಷನ್ ಮಾಡಿದರು. ದಿನಕ್ಕೆ 30 ಮೀರಬಾರದು ಅಂತ ನಿಯಮವಿತ್ತು. 13 ಹೆಣ್ಣುಮಕ್ಕಳು ಸತ್ತರು. ಕಳಪೆ ಮಾತ್ರೆ ಕಾರಣವೋ, ಸೋಂಕು ಕಾರಣವೋ ಎನ್ನುವ ವಾದ ಬಹಳ ಕಾಲ ನಡೆಯಿತು. 2016ರ ಸೆಪ್ಟೆಂಬರ್ 14ರಂದು ಸುಪ್ರೀಂ ಕೋರ್ಟ್ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಇಂಥ ಶಿಬಿರಗಳನ್ನೇ ಮೂರು ವರ್ಷದಲ್ಲಿ ನಿಲ್ಲಿಸಬೇಕೆಂದು ಹೇಳಿತು. ದುರಂತದ ನಂತರ ಪತ್ರಿಕೆಗಳು ಇನ್ನೊಂದು ವಿಷಯ ಹೊರಗೆ ತಂದವು. 50,000 ಶಸ್ತ್ರಚಿಕಿತ್ಸೆ ಮಾಡಿದ್ದಕ್ಕಾಗಿ ಅದೇ ಸರ್ಜನ್‌ಗೆ ಅದೇ ವರ್ಷ ಸರ್ಕಾರ ಸನ್ಮಾನ ಮಾಡಿತ್ತು.

ಆ ಸನ್ಮಾನದ ಸುದ್ದಿಯನ್ನೂ ನಮ್ಮಂಥ ಯಾರೋ ಬಿಡಿ ಸುದ್ದಿಗಾರ ಎಂಟು ಸಾಲಿನಲ್ಲಿ ಬರೆದು ಕಳಿಸಿರುತ್ತಾನೆ. 83ರ ಹೊತ್ತಿಗೆ ಆ ಕೋಣೆಯಲ್ಲಿದ್ದ ನರ್ಸ್ ಯಾರಾದರೂ "ಸಾಕು ಸಾರ್" ಅಂದಿದ್ದರೋ, ಅನ್ನಬಹುದಾದ ಕೋಣೆಯೇ ಅದಾಗಿತ್ತೋ ಅಂತ ಯೋಚಿಸಿದಾಗೆಲ್ಲ ನಮ್ಮ ಹಳೆಯ ಕಟಿಂಗ್‌ಗಳ ಫೈಲು ನೆನಪಾಗುತ್ತದೆ. ಅದರಲ್ಲಿ ಎಲ್ಲ ಕಡೆ ಸಂಖ್ಯೆಗಳಿವೆ.

ಇದೆಲ್ಲ ಓದಿಕೊಂಡ ಮೇಲೆ ಮತ್ತೆ ಅದೇ ತಾಲ್ಲೂಕು ಆಸ್ಪತ್ರೆಗೆ ಹೋದೆವು. ಪರಿಶೀಲನಾ ಪಟ್ಟಿ ಅಲ್ಲೂ ಇತ್ತು, ಪ್ರತಿ ಕೇಸ್ ಶೀಟ್‌ಗೂ ಒಂದು. ಎಲ್ಲ ಗುರುತುಗಳೂ ಒಂದೇ ಪೆನ್ನಿನವು, ಒಂದೇ ಓಟದಲ್ಲಿ ಹಾಕಿದವು. ಸಿಸ್ಟರ್ ಮುಚ್ಚಿಡಲಿಲ್ಲ. "ಕೇಸ್ ಎಲ್ಲಾ ಮುಗಿದ್ಮೇಲೆ ಕೂತು ಒಟ್ಟಿಗೆ ತುಂಬ್ತೀವಿ ಸಾರ್" ಅಂದರು. ಆದರೆ ಹೊಸದಾಗಿ ಬಂದ ಸರ್ಜನ್ ಒಂದು ಅಭ್ಯಾಸ ಮಾಡಿದ್ದಾರಂತೆ. ಹಿಂದಿನ ಸಂಜೆಯೇ ಪಟ್ಟಿಯನ್ನು ಬೋರ್ಡಿನ ಮೇಲೆ ಬರೆದು, ಫೋಟೊ ತೆಗೆದು ಓಟಿಯ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕುತ್ತಾರೆ. ಕ್ರಮ ಬದಲಾದರೆ ಅಲ್ಲೇ ತಿಳಿಸುತ್ತಾರೆ. ಗ್ರೂಪಿನಲ್ಲಿ ಆಯಾ ಕೂಡ ಇದ್ದಾರೆ. ಬೆಳಗ್ಗೆ ಯಾವ ಸೆಟ್ ಮೊದಲು ಅಂತ ಆಟೋಕ್ಲೇವ್ ಹಚ್ಚುವ ಹೊತ್ತಿಗೇ ಅವರಿಗೆ ಗೊತ್ತಿರುತ್ತದೆ.

ಎಷ್ಟು ಆಯಿತು ಅಂತ ಕೇಳುವ ಮೊದಲು, ಇವತ್ತು ಎಷ್ಟು ಹೊತ್ತು ಸುಮ್ಮನೆ ನಿಂತಿದ್ದಿರಿ ಅಂತ ಕೇಳಿದೆವು. ಸಿಸ್ಟರ್ ಸ್ವಲ್ಪ ಹೊತ್ತು ನಮ್ಮ ಮುಖ ನೋಡಿದರು. "ಕರೆಂಟ್ ಹೋದಾಗ ಹತ್ತು ನಿಮಿಷ. ಅಷ್ಟೇ. ಯಾರನ್ನೂ ವಾಪಸ್ ಕಳಿಸಿಲ್ಲ. ಬರ್ಕೊಳ್ಳಿ" ಅಂದರು.

ಬರೆದುಕೊಂಡೆವು, ಬರೆದೂ ಕಳಿಸಿದೆವು. ಮರುದಿನ ಒಳಪುಟದಲ್ಲಿ ಆರು ಸಾಲು ಬಂದಿತ್ತು. ಸಂಖ್ಯೆ ಇತ್ತು. ಹತ್ತು ನಿಮಿಷದ ಸಾಲನ್ನು ಡೆಸ್ಕ್‌ನವರು ತೆಗೆದಿದ್ದರು.